ಕ್ಯೋಟೊದಲ್ಲಿ ಬಿಟ್ಟುಕೊಟ್ಟ ಸೀಟು

ಹೊರಡುವ ಮುಂಚೆ

ನನಗೆ ವಯಸ್ಸಾಯಿತೆಂದು ಮೊದಲು ತಿಳಿಸಿದವಳು ಚಿಕ್ಕಪೇಟೆ ಮೆಟ್ರೋದಲ್ಲಿ ಕಂಡ ಒಬ್ಬ ಕಾಲೇಜು ಹುಡುಗಿ. "ಅಂಕಲ್, ನೀವು ಕೂತ್ಕೊಳ್ಳಿ" ಎಂದು ಎದ್ದು ನಿಂತಳು. ಹಿಂದೆ ಯಾರೋ ಮುದುಕರಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬೇಡಮ್ಮಾ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಂಡಿ ತಾನಾಗಿಯೇ ಮಡಚಿಕೊಂಡಿತು. ಕುಳಿತ ಮೇಲೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಸೀಟಿನ ವಿಷಯದಲ್ಲಿ ನನಗೆ ಹಳೆಯದೊಂದು ಅಳುಕಿದೆ. ಮೂವತ್ತೈದು ವರ್ಷದ ಹಿಂದೆ ಸಿಟಿ ಬಸ್ಸಿನಲ್ಲಿ ನಾನು ಒಬ್ಬರಿಗೆ ಸೀಟು ಬಿಟ್ಟುಕೊಡಲಿಲ್ಲ. ಅದನ್ನು ಹೆಂಡತಿಗೆ ಹೇಳಿಲ್ಲ, ಮಕ್ಕಳಿಗೆ ಹೇಳಿಲ್ಲ. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದ ನಮ್ಮ ಗಿರಿಜಕ್ಕನಿಗಂತೂ ಹೇಳಿಯೇ ಇರಲಿಲ್ಲ. ಅದಕ್ಕೂ ಜಪಾನಿಗೂ ಏನು ಸಂಬಂಧ ಎಂದು ಹೊರಡುವಾಗ ಕೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

ನನ್ನದು ಚಿಕ್ಕಪೇಟೆಯ ಒಂದು ಸಂದಿಯಲ್ಲಿ ರೇಷ್ಮೆ ಸೀರೆಯ ಸಣ್ಣ ಅಂಗಡಿ, ಅಪ್ಪಾಜಿಯ ಕಾಲದ್ದು. ಕೆಲವು ವರ್ಷದ ಹಿಂದೆ ಕ್ಯೋಟೊದ ಒಬ್ಬ ನೇಯ್ಗೆಯವರು ಹಳೆಯ ಜರಿ ಸೆರಗುಗಳನ್ನು ಹುಡುಕಿಕೊಂಡು ಅಂಗಡಿಗೆ ಬಂದಿದ್ದರು. ನಮ್ಮಲ್ಲಿದ್ದ ಸೆರಗುಗಳನ್ನು ಮುಟ್ಟಿ ಮುಟ್ಟಿ ನೋಡಿ, ನೀವೂ ಬಂದು ನಮ್ಮ ಮಗ್ಗ ನೋಡಿ ಎಂದು ಕರೆದರು. ಕೊನೆಗೂ ಹೋಗುವ ಹೊತ್ತಿಗೆ, ವಿಮಾನವೆಂದರೆ ಕೈಕಾಲು ತಣ್ಣಗಾಗುವ ನನ್ನ ಹೆಂಡತಿ ಹಿಂದೆ ಸರಿದಳು. ಅವಳ ಬದಲು ಅಕ್ಕ ಹೊರಟಳು. ಅವಳಿಗೆ ಅರವತ್ತೆಂಟು. ಮಲ್ಲೇಶ್ವರದಲ್ಲಿ ಇದ್ದಾಳೆ, ಎಲ್ಲರನ್ನೂ ಗದರಿಸುತ್ತಾಳೆ, ನನ್ನನ್ನು ಸ್ವಲ್ಪ ಜಾಸ್ತಿ. ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಚಟ್ನಿಪುಡಿ, ಅವಲಕ್ಕಿ, ವಿಭೂತಿ ಗಟ್ಟಿಗಳೇ ಹೆಚ್ಚಿದ್ದವು.

ಮೊದಲ ದಿನ: ಬೆಳಗಿನ ಟ್ರಾಮ್

ನಾವು ಇಳಿದುಕೊಂಡದ್ದು ಊರಿನ ಪಶ್ಚಿಮದ ಅಂಚಿನಲ್ಲಿ, ಮಿಚಿಕೊ ಎಂಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ. ಅಲ್ಲಿಂದ ಮಗ್ಗದ ಕೇರಿಗೆ ಒಂದೇ ಬೋಗಿಯ ಟ್ರಾಮ್. ಮನೆಗಳ ಹಿತ್ತಿಲಿಗೆ ಮೈ ತಾಗಿಸಿಕೊಂಡೇ ಹೋಗುತ್ತದೆ. ಕೈ ಚಾಚಿದರೆ ಒಣಹಾಕಿದ ಬಟ್ಟೆ ಸಿಗುವಷ್ಟು ಹತ್ತಿರ.

ಬೆಳಗ್ಗೆ ಎಂಟಕ್ಕೆ ಜನವೋ ಜನ. ಬಾಗಿಲು ತೆರೆದ ಕೂಡಲೇ ನನ್ನೊಳಗಿನ ಮಾರ್ಕೆಟ್ಟಿನ ಮನುಷ್ಯ ಎಚ್ಚರಗೊಂಡ. ಸಾಲನ್ನು ದಾಟಿ ನುಗ್ಗಿ, ಖಾಲಿ ಸೀಟಿನ ಮೇಲೆ ಕರವಸ್ತ್ರ ಹಾಸಿ, "ಅಕ್ಕಾ, ಬಾ ಬಾ, ಸೀಟ್ ಹಿಡ್ದಿದೀನಿ!" ಎಂದು ಕೂಗಿದೆ. ನಮ್ಮೂರಿನಲ್ಲಿ ಕರವಸ್ತ್ರ ಬಿದ್ದ ಸೀಟು ನೋಂದಣಿಯಾದ ಸೈಟಿಗೆ ಸಮ. ಇಲ್ಲಿ ಒಬ್ಬ ಹೆಂಗಸು ಅದನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ನನಗೆ ಒಪ್ಪಿಸಿದಳು. ಪಾಪ, ಬೀಳಿಸಿಕೊಂಡೆ ಎಂದುಕೊಂಡಳು. ಇಡೀ ಬೋಗಿಯಲ್ಲಿ ನನ್ನ ಕೂಗು ಬಿಟ್ಟರೆ ಬೇರೆ ದನಿಯೇ ಇಲ್ಲವೆಂದು ಆಮೇಲೆ ಅರಿವಾಯಿತು.

ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು. ಗೋಡೆಗೆ ಬೆನ್ನು ಕೊಟ್ಟು ಉದ್ದಕ್ಕೆ ಕೂರುವ ಬೆಂಚು. ಅಕ್ಕ ಕೂತವಳೇ ಎದುರು ನಿಂತಿದ್ದ ಆಫೀಸಿನ ಹೆಂಗಸಿನ ಚೀಲಕ್ಕೆ ಕೈ ಹಾಕಿ ತೊಡೆಯ ಮೇಲೆ ಎಳೆದುಕೊಂಡಳು. ನಮ್ಮ ಬಸ್ಸುಗಳಲ್ಲಿ ಕೂತವರು ನಿಂತವರ ಚೀಲ ಇಟ್ಟುಕೊಳ್ಳುವುದು, ಕೂಸಿದ್ದರೆ ಕೂಸನ್ನೂ ಇಟ್ಟುಕೊಳ್ಳುವುದು ಮಾಮೂಲಿ. ಆ ಹೆಂಗಸಿನ ಮುಖ ಬಿಳಿಚಿಕೊಂಡಿತು. ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದೇ ಐದು ನಿಲ್ದಾಣ ದಾಟಿದಳು, ಇಳಿಯುವಾಗ ಮೂರು ಸಲ ಬಾಗಿದಳು.

"ಇವ್ಳೇನೋ, ನಾನು ಕಳ್ಳಿ ಅನ್ನೋ ಥರ ನೋಡಿದ್ಲು" ಎಂದಳು ಅಕ್ಕ.

"ಮೆತ್ತಗೆ ಮಾತಾಡಕ್ಕಾ. ಎಲ್ಲಾ ಮಲಗಿದಾರೆ."

ನಿಜವಾಗಿಯೂ ಎಲ್ಲರೂ ಮಲಗಿದ್ದರು. ಬೆಂಚಿನುದ್ದಕ್ಕೂ ಸಾಲಾಗಿ ತಲೆಗಳು ಬಾಗಿದ್ದವು. ಗೊರಕೆಯಿಲ್ಲ, ವಾಲುವುದಿಲ್ಲ, ಬಾಯಿ ತೆರೆದಿಲ್ಲ. ನಿಲ್ದಾಣ ಬಂದಾಗ ಸಾಲಿನ ಮಧ್ಯದಿಂದ ಒಂದು ತಲೆ ಮೇಲೇಳುತ್ತದೆ, ಕಣ್ಣು ಬಿಡುತ್ತದೆ, ಇಳಿದು ಹೋಗುತ್ತದೆ. ಯಾರೂ ಒಂದು ನಿಲ್ದಾಣ ಹೆಚ್ಚು ಮಲಗುವುದಿಲ್ಲ. ಇಷ್ಟು ಲೆಕ್ಕದ ನಿದ್ದೆ ನಿದ್ದೆಯೇ ಅಲ್ಲವೆಂದು ನನಗನ್ನಿಸಿತು. ಕಣ್ಣು ಮುಚ್ಚಿ ಕೂರುವ ವಿದ್ಯೆಯನ್ನು ನಾನೂ ಬಲ್ಲೆ. ನನ್ನಂಥವರೇ ಇಷ್ಟೊಂದು ಜನ ಒಟ್ಟಿಗೆ ಕೂತಿದ್ದಾರೆ.

ಆಗ ನನ್ನ ಎದುರು ಮೇಲಿನಿಂದ ತೂಗುವ ಹಿಡಿಕೆಯನ್ನು ಒಂದು ಮುದಿ ಕೈ ಹಿಡಿದಿರುವುದು ಕಂಡಿತು. ಬೂದು ಬಣ್ಣದ ಕೋಟಿನ ತೋಳು, ನರ ಎದ್ದ ಮುಂಗೈ. ತಟಕ್ಕನೆ ಎದ್ದು, "ಕೂತ್ಕೊಳ್ಳಿ" ಎಂದು ಸನ್ನೆ ಮಾಡಿದೆ. ಆ ವ್ಯಕ್ತಿ ತಲೆಯನ್ನು ಎದೆಯವರೆಗೆ ಬಾಗಿಸಿ ಬೇಡವೆಂದು ಕೈಯಾಡಿಸಿದರು. ಮುಖ ಕಾಣಲಿಲ್ಲ. ನಾನು ಮತ್ತೆ ಕೂರಲೂ ಆಗದೆ ನಿಲ್ಲಲೂ ಆಗದೆ ಪೆಚ್ಚಾಗಿ ನಿಂತೆ. ಅಷ್ಟು ನೂಕುನುಗ್ಗಲಿನಲ್ಲೂ ಬೇರೆ ಯಾರೂ ಆ ಸೀಟಿಗೆ ಬರಲಿಲ್ಲ. ಇಳಿಯುವವರೆಗೂ ಅದು ಖಾಲಿಯೇ ಉಳಿಯಿತು.

ಎರಡನೆಯ ದಿನ: ಮತ್ತದೇ ಕೈ

ಮರುದಿನ ಶಿಸ್ತಾಗಿ ಸಾಲಿನಲ್ಲಿ ನಿಂತು ಹತ್ತಿದೆವು. ಅದೇ ಮೂಲೆಯ ಸೀಟುಗಳೇ ಸಿಕ್ಕವು. ಮೂರನೆಯ ನಿಲ್ದಾಣದ ಹೊತ್ತಿಗೆ ಕತ್ತೆತ್ತಿದರೆ ಅದೇ ಕೋಟಿನ ತೋಳು, ಅದೇ ಕೈ. ಎಡಗಾಲಿನ ಮೇಲೆ ಭಾರ ಹಾಕದೆ ನಿಂತಿದ್ದರು. ಎದ್ದೆ, ಸನ್ನೆ ಮಾಡಿದೆ. ತಲೆ ಬಾಗಿತು, ಕೈ ಆಡಿತು.

ಈ ಸಲ ಇನ್ನೊಂದು ವಿಷಯ ಗಮನಕ್ಕೆ ಬಂತು. ಟ್ರಾಮ್ ತಿರುವಿನಲ್ಲಿ ವಾಲಿದಾಗ ಬೋಗಿಯ ಹಿಡಿಕೆಗಳೆಲ್ಲ ಒಂದೇ ಕಡೆಗೆ ತೂಗುತ್ತವೆ. ಅವರು ಹಿಡಿದಿದ್ದ ಹಿಡಿಕೆ ಮಾತ್ರ ಬಿಗಿಯಾಗಿ ಕೆಳಗೆ ಜಗ್ಗಿಕೊಂಡು ನಿಂತಿತ್ತು. ಜೊತೆಗೆ ಒಂದು ವಾಸನೆ. ಅದು ವಿಭೂತಿಯ ವಾಸನೆ. ದೇವಸ್ಥಾನಗಳೇ ತುಂಬಿದ ಊರು, ಯಾವುದೋ ಧೂಪದ ಬೂದಿ ಇರಬೇಕೆಂದು ಸಮಾಧಾನ ಹೇಳಿಕೊಂಡೆ.

ಇಳಿದ ಮೇಲೆ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಲೋ ಮಾದೇವಾ, ಎರಡು ದಿನದಿಂದ ನೋಡ್ತಿದೀನಿ. ಆರಾಮಾಗಿ ಕೂತಿರೋನು ಯಾಕೆ ಎದ್ದು ನಿಂತ್ಕೋತೀಯ?"

"ಆ ಮುದುಕರು ನಿಂತಿದ್ರಲ್ಲಕ್ಕಾ. ಎಷ್ಟು ಕರೆದ್ರೂ ಕೂರಲ್ಲ ಅಂತಾರೆ."

"ಯಾವ ಮುದುಕರು?"

"ನನ್ನ ಎದುರಿಗೇ ನಿಂತಿದ್ರಲ್ಲ, ಬೂದು ಕೋಟು."

ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು. "ನಿನ್ನೆದುರಿಗೆ ಯಾರೂ ಇರ್ಲಿಲ್ಲ ಕಣೋ. ಅಷ್ಟು ರಶ್ಶಲ್ಲೂ ಅಲ್ಲೊಂದಿಷ್ಟು ಜಾಗ ಖಾಲಿ ಇತ್ತು. ಒಬ್ಬ ಮನುಷ್ಯ ನಿಲ್ಲೋವಷ್ಟು. ಇವ್ರೆಲ್ಲ ಯಾಕೆ ಅಲ್ಲಿ ನಿಂತ್ಕೊಳ್ಳಲ್ಲ ಅಂತ ನಾನೇ ಯೋಚ್ನೆ ಮಾಡ್ತಿದ್ದೆ."

ನಿದ್ದೆ ಸರಿಯಾಗಿಲ್ಲ, ಊರು ಬದಲಾದದ್ದಕ್ಕೆ ಹೀಗೆ ಎಂದು ಏನೋ ಹೇಳಿ ನಕ್ಕೆ. ಆ ದಿನ ನೇಯ್ಗೆಯವರು ತೋರಿಸಿದ ಚಿನ್ನದ ಎಳೆಯ ಪಟ್ಟಿಗಳಲ್ಲಿ ಒಂದೂ ನೆನಪಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮಿಚಿಕೊ ಅವರ ಅಡುಗೆಮನೆ

ಮಧ್ಯಾಹ್ನ ಬೇಗ ಹಿಂತಿರುಗಿದೆವು. ಮಿಚಿಕೊ ಅವರೊಂದಿಗೆ ನಮ್ಮ ಮಾತುಕತೆಯೆಲ್ಲ ಅವರ ಫೋನಿನ ಮೂಲಕ. ಅವರು ಜಪಾನಿಯಲ್ಲಿ ಹೇಳುತ್ತಾರೆ, ಫೋನು ಶುದ್ಧ ಪಠ್ಯಪುಸ್ತಕದ ಕನ್ನಡದಲ್ಲಿ ಉಸಿರಾಡದ ದನಿಯಲ್ಲಿ ಒಪ್ಪಿಸುತ್ತದೆ. ಅಕ್ಕನಿಗೆ ಅದು ಸುತರಾಂ ಇಷ್ಟವಿಲ್ಲ. ಆಕಾಶವಾಣಿಯವರು ಅಡುಗೆಮನೆಗೆ ಬಂದಂತಾಗುತ್ತದೆ ಎನ್ನುತ್ತಾಳೆ.

ನಾನು ಆ ಕೈಯ, ಹಿಡಿಕೆಯ ವಿಷಯ ಎತ್ತಲಿಲ್ಲ. ಇಲ್ಲಿ ಮುದುಕರಿಗೆ ಸೀಟು ಕೊಟ್ಟರೆ ಯಾಕೆ ಕೂರುವುದಿಲ್ಲ ಎಂದಷ್ಟೇ ಕೇಳಿದೆ. ಅವರು ನಕ್ಕು, ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಿ ಫೋನಿಗೆ ಬಾಯಿ ಕೊಟ್ಟರು.

"ಕೊಟ್ಟಂತೆ ಕಾಣಬಾರದು" ಎಂದಿತು ಫೋನು. "ನಿಮಗೆ ವಯಸ್ಸಾಗಿದೆ ಎಂದು ಹೇಳಿದರೆ ಕೆಲವರಿಗೆ ನೋವಾಗುತ್ತದೆ. ಮಾತನಾಡದೆ ಎದ್ದೇಳಿ. ಮುಂದಿನ ನಿಲ್ದಾಣದಲ್ಲಿ ಇಳಿಯುವವರಂತೆ ಬಾಗಿಲಿನ ಕಡೆಗೆ ಹೋಗಿ. ಹಿಂತಿರುಗಿ ನೋಡಬೇಡಿ. ಅವರು ಕುಳಿತುಕೊಳ್ಳುತ್ತಾರೆ. ನಿಮಗೂ ಅವರಿಗೂ ನಾಚಿಕೆ ಇರುವುದಿಲ್ಲ."

"ನಮ್ಮಲ್ಲಿ ಹೀಗ್ ಮಾಡಿದ್ರೆ ಎದ್ದೇಳೋಕ್ ಮುಂಚೆನೇ ಇನ್ನೊಬ್ರು ಕೂತಿರ್ತಾರೆ" ಎಂದಳು ಅಕ್ಕ. ಫೋನು ಅದನ್ನು ಹೇಗೆ ಹೇಳಿತೋ, ಮಿಚಿಕೊ ಬಾಯಿ ಮುಚ್ಚಿಕೊಂಡು ತುಂಬ ಹೊತ್ತು ನಕ್ಕರು.

ನಾನೂ ನಕ್ಕೆ. ಆದರೆ ಎದುರಿನವನಿಗೆ ನಾಚಿಕೆಯಾಗದಂತೆ ನೋಡಿಕೊಳ್ಳುವುದನ್ನು ನಾನು ಒಮ್ಮೆ ಕಣ್ಣು ಮುಚ್ಚಿಕೊಂಡೇ ಕಂಡಿದ್ದೆ.

ಮೂರನೆಯ ದಿನ: ಬಾಗಿಲ ಬಳಿ

ಮಿಚಿಕೊ ಹೇಳಿಕೊಟ್ಟಂತೆ ಮಾಡಿದೆ. ಕೋಟಿನ ತೋಳು ಕಂಡ ಕೂಡಲೇ ಮಾತಾಡದೆ ಎದ್ದು, ಇಳಿಯುವವನಂತೆ ಬಾಗಿಲ ಬಳಿ ಹೋಗಿ, ಬೆನ್ನು ತಿರುಗಿಸಿ ನಿಂತೆ. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿದೆ. ಬಾಗಿಲ ಗಾಜಿನಲ್ಲಿ ಬೋಗಿಯ ಪ್ರತಿಬಿಂಬ ಕಾಣುತ್ತಿತ್ತು. ಬಾಗಿದ ತಲೆಗಳ ಸಾಲು, ಕೊನೆಯಲ್ಲಿ ಅಕ್ಕ, ಅವಳ ಪಕ್ಕದಲ್ಲಿ ನನ್ನ ಖಾಲಿ ಸೀಟು. ಅದರ ಮುಂದೆ ಯಾರೂ ಇರಲಿಲ್ಲ. ಹಿಡಿಕೆ ಮಾತ್ರ ಕೆಳಗೆ ಜಗ್ಗಿತ್ತು.

ತಿರುಗಿ ನೋಡಿದರೆ ಅವರು ಅಲ್ಲಿಯೇ ನಿಂತಿದ್ದರು, ನನಗೆ ಬೆನ್ನಾಗಿ. ಹಿಡಿಕೆ ಹಿಡಿದ ಕೈಯ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಜರಿ ಕತ್ತರಿಸುವ ದೊಡ್ಡ ಕತ್ತರಿಗೆ ಸಿಕ್ಕಿ ಕಪ್ಪಾದ ಅಂಥ ಉಗುರನ್ನು ನಾನು ಒಂದೇ ಒಂದು ಕೈಯಲ್ಲಿ ನೋಡಿದ್ದೆ.

ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆದ ಕೂಡಲೇ ಇಳಿದುಬಿಟ್ಟೆ. ಅಕ್ಕ "ಲೋ, ಇದಲ್ವೋ ನಮ್ ಸ್ಟಾಪು" ಎಂದು ಕೂಗುತ್ತಾ ಹಿಂದೆ ಓಡಿ ಬಂದಳು.

ನದಿಯ ದಂಡೆ

ಹತ್ತಿರದಲ್ಲೊಂದು ಸಣ್ಣ ನದಿ, ಬಿಸಿಲಿಗೆ ಬಿದ್ದ ಬೆಂಚು. ಅಕ್ಕ ಫ್ಲಾಸ್ಕಿನಿಂದ ನೀರು ಕೊಟ್ಟಳು. ನಾನು ಹೇಳಲು ಶುರು ಮಾಡಿದೆ.

ನನಗಾಗ ಇಪ್ಪತ್ತನಾಲ್ಕು. ಮಲ್ಲೇಶ್ವರದ ಒಂದು ಮದುವೆ ಮನೆಗೆ ಸೀರೆಗಳನ್ನು ತಲುಪಿಸಿ ಚಾಮರಾಜಪೇಟೆಗೆ ಬಸ್ಸು ಹತ್ತಿದ್ದೆ. ಸೀಟು ಸಿಕ್ಕಿತ್ತು. ಶೇಷಾದ್ರಿಪುರದಲ್ಲಿ ಜನ ನುಗ್ಗಿದರು. ನನ್ನ ಪಕ್ಕಕ್ಕೆ ಒಂದು ಪಂಚೆಯ ಅಂಚು, ಹಳೆಯ ಚಪ್ಪಲಿಯ ಕಾಲು ಬಂದು ನಿಂತಿತು. ಯಾರೋ ಮುದುಕರು. ಮುಖ ನೋಡಿದರೆ ಏಳಬೇಕಾಗುತ್ತದೆಂದು ಮುಖ ನೋಡದೆಯೇ ಕಣ್ಣು ಮುಚ್ಚಿದೆ, ತಲೆ ಬಾಗಿಸಿದೆ. ಬಸ್ಸಿನಲ್ಲಿ ಎಲ್ಲರೂ ಮಾಡುವ ನಾಟಕ ತಾನೇ.

ಮೆಜೆಸ್ಟಿಕ್ ದಾಟಿದ ಮೇಲೆ ಯಾರೋ ಒಬ್ಬರು, "ಯಜಮಾನ್ರೇ, ಆ ಹುಡುಗನ್ನ ಎಬ್ಸಿ, ಸೀಟ್ ಬಿಡ್ತಾನೆ" ಎಂದರು. ತಲೆಯ ಮೇಲಿನಿಂದ ಉತ್ತರ ಬಂತು: "ಬೇಡಪ್ಪಾ, ಮಲಗ್ಲಿ ಬಿಡಿ. ಬೆಳಗ್ಗೆಯಿಂದ ಓಡಾಡಿದಾನೆ."

ಅದು ಅಪ್ಪಾಜಿಯ ದನಿ.

ಆಗ ಕಣ್ಣು ಬಿಡಬಹುದಿತ್ತು. ಬಿಟ್ಟರೆ ನಾಟಕವೆಂದು ಗೊತ್ತಾಗುತ್ತದಲ್ಲ ಎಂದು ಬಿಡಲಿಲ್ಲ. ಮಾರ್ಕೆಟ್ಟಿನಲ್ಲಿ ಇನ್ನಷ್ಟು ಜನ ಹತ್ತಿದರು. ಯಾರದೋ ಬುಟ್ಟಿ ನನ್ನ ತಲೆ ಸವರಿತು. ಒಂದು ಕೈ ಅಡ್ಡ ಬಂದು ತಡೆಯಿತು. ವಿಭೂತಿಯ ವಾಸನೆ ಮೂಗಿಗೆ ಬಂತು. ಚಾಮರಾಜಪೇಟೆಯಲ್ಲಿ ಅವರು ಇಳಿದರು. ಇಳಿಯುವ ಮುಂಚೆ ನನ್ನ ಭುಜ ಮುಟ್ಟಿ "ಮಾದೇವಾ" ಎಂದು ಒಮ್ಮೆ ಮೆಲ್ಲಗೆ ಕರೆದರು. ನಾನು ಏಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಮನೆಗೆ ಬಂದೆ. ಅಪ್ಪಾಜಿ ಆ ವಿಷಯ ಎತ್ತಲೇ ಇಲ್ಲ, ಅಂದೂ ಇಲ್ಲ, ಮುಂದೆಯೂ ಇಲ್ಲ.

ಅಂಗಡಿಗೆ ಹಾಕುವ ಬೂದು ಕೋಟು ತೊಟ್ಟು ಅವರು ಶೇಷಾದ್ರಿಪುರಕ್ಕೆ ಹೋಗಿದ್ದು ಡಾಕ್ಟರ ಹತ್ತಿರ. ಸಕ್ಕರೆ ಕಾಯಿಲೆಯಿಂದ ಎಡಗಾಲಿಗೆ ಆದ ಹುಣ್ಣು ಕೊಳೆಯುತ್ತಿದೆ ಎಂದು ಆ ದಿನವೇ ತಿಳಿದದ್ದು. ಮುಂದಿನ ತಿಂಗಳು ಆ ಕಾಲನ್ನು ಮೊಣಕಾಲ ಕೆಳಗೆ ತೆಗೆದರು. ಅಪ್ಪಾಜಿ ಎರಡು ಕಾಲಿನ ಮೇಲೆ ಬಸ್ಸಿನಲ್ಲಿ ನಿಂತದ್ದು ಅದೇ ಕೊನೆ. ನಾನು ಸೀಟು ಕೊಟ್ಟಿದ್ದರೆ ಕಾಲು ಉಳಿಯುತ್ತಿತ್ತೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ಅದು ನನಗೂ ಗೊತ್ತು. ಆದರೂ ಅವರು ತೀರಿಕೊಳ್ಳುವವರೆಗಿನ ಎರಡು ವರ್ಷ ನಾನು ಆ ಕಾಲಿನ ಕಡೆ ನೋಡದೆ ಅವರಿಗೆ ಊಟ ಬಡಿಸಿದ್ದೇನೆ.

ಅಕ್ಕ ಫ್ಲಾಸ್ಕನ್ನು ಚೀಲಕ್ಕೆ ಹಾಕಿದಳು.

"ಅವತ್ತು ಸಾಯಂಕಾಲ ಕಾಲು ಊದಿ ದಿಂಬಿನ ಥರ ಆಗಿತ್ತು" ಎಂದಳು. "ನಾನು ತವರಿಗೆ ಬಂದಿದ್ದೆ. ಬಿಸಿನೀರು ಕಾಯಿಸಿ ನಾನೇ ಒರೆಸಿದ್ದು. ಇಷ್ಟು ನೋವಿಟ್ಕೊಂಡು ಯಾಕೆ ನಿಂತ್ಕೊಂಡ್ ಬಂದ್ರಿ, ಯಾರೂ ಸೀಟ್ ಕೊಡ್ಲಿಲ್ವಾ ಅಂದೆ. ಏನಂದ್ರು ಗೊತ್ತಾ? ಪಾಪ, ಎಲ್ಲಾ ಮಲಗಿದ್ರಮ್ಮ ಅಂದ್ರು."

ಎದ್ದುಹೋಗಲು ಹೊರಟವನನ್ನು ಅವಳು ತೋಳು ಹಿಡಿದು ಕೂರಿಸಿದಳು.

"ಆ ಬಸ್ಸಲ್ಲಿ ಕೂತಿದ್ದೋರ್ಗೆಲ್ಲ ಬಾಯಿಗೆ ಬಂದ ಹಾಗೆ ಶಾಪ ಹಾಕ್ದೆ. ಅವ್ರಿಗೂ ಇದೇ ಗತಿ ಬರ್ಲಿ ಅಂದೆ. ಅಪ್ಪಾಜಿ ನನ್ನ ಬಾಯಿ ಮುಚ್ಚಿದ್ರು ಕಣೋ. ಹಾಗನ್ನಬೇಡ, ಹಾಗನ್ನಬೇಡ ಅಂತ ಕೈ ಹಿಡ್ಕೊಂಡ್ರು. ಯಾಕೆ ಅಷ್ಟು ಗಾಬರಿ ಆದ್ರು ಅಂತ ಇವತ್ತು ಗೊತ್ತಾಯ್ತು."

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ದಾರಿಯುದ್ದಕ್ಕೂ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮಿಚಿಕೊ ಅವರ ಮನೆಯಲ್ಲಿ ನನ್ನ ತಟ್ಟೆಗೆ ಚಟ್ನಿಪುಡಿ ಹಾಕಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಮುನಿಸಿಲ್ಲ.

ಕೊನೆಯ ದಿನ: ಅದೇ ಟ್ರಾಮ್

ಟ್ಯಾಕ್ಸಿಯಲ್ಲಿ ಹೋಗೋಣ ಎಂದೆ. "ಟ್ರಾಮಲ್ಲೇ ಹೋಗೋಣ" ಎಂದಳು ಅಕ್ಕ. ಆ ಬೆಳಗ್ಗೆ ಅವಳು ನನ್ನೊಂದಿಗೆ ಆಡಿದ ಮಾತು ಅದೊಂದೇ.

ಮೂಲೆಯ ಸೀಟುಗಳು ನಮಗಾಗಿ ಕಾದಿಟ್ಟಂತೆ ಖಾಲಿ ಇದ್ದವು. ಅಕ್ಕ ಕೂತಳು, ಪಕ್ಕದಲ್ಲಿ ನಾನು. ಅವಳು ತನ್ನ ದೊಡ್ಡ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟಳು. ಎರಡನೆಯ ನಿಲ್ದಾಣದಲ್ಲಿ ಬೋಗಿ ತುಂಬಿತು. ಮೂರನೆಯದರಲ್ಲಿ ತಲೆಗಳೆಲ್ಲ ಬಾಗಿದವು. ನಾನು ನನ್ನ ಬೂಟುಗಳನ್ನೇ ನೋಡುತ್ತಿದ್ದೆ. ಅವುಗಳ ಎದುರಿಗೆ ಇನ್ನೊಂದು ಜೊತೆ ಕಾಲು ಬಂದು ನಿಂತಿತು. ಎಡಗಾಲು ನೆಲಕ್ಕೆ ತಾಗಿಯೂ ತಾಗದಂತಿತ್ತು.

ಕಣ್ಣು ಮುಚ್ಚಿಬಿಡೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಮುಚ್ಚಿದೆ ಕೂಡ. ಭುಜದ ಮೇಲೆ ಯಾರೋ ಬೆರಳಿಟ್ಟಷ್ಟು ಹಗುರವಾಗಿ ತಣ್ಣಗೆ ಏನೋ ತಾಗಿತು.

ಎದ್ದು ನಿಂತೆ. ಸನ್ನೆ ಮಾಡಲಿಲ್ಲ, ಬಾಗಿಲ ಕಡೆಗೂ ಹೋಗಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದೆ:

"ಅಪ್ಪಾಜಿ, ಅವತ್ತು ನಾನು ನಿದ್ದೆ ಮಾಡ್ತಿರ್ಲಿಲ್ಲ. ನೀವು ಕರೆದಿದ್ದು ಕೇಳಿಸ್ತು. ತಪ್ಪಾಯ್ತು. ಕೂತ್ಕೊಳ್ಳಿ."

ಬೆಂಚಿನುದ್ದಕ್ಕೂ ಮಲಗಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಅಷ್ಟೂ ಕಣ್ಣು ತೆರೆದವು, ಆದರೆ ಒಂದೂ ನನ್ನನ್ನು ನೋಡಲಿಲ್ಲ. ಎಲ್ಲ ಕಣ್ಣುಗಳೂ ಅಪ್ಪಾಜಿ ನಿಂತಿದ್ದ ಜಾಗವನ್ನು ನೋಡುತ್ತಿದ್ದವು. ಟ್ರಾಮ್ ತಿರುವಿಗೆ ಬಂದು ವಾಲಿತು. ಇಷ್ಟು ದಿನ ಜಗ್ಗಿಕೊಂಡು ನಿಂತಿದ್ದ ಆ ಹಿಡಿಕೆ ಸಡಿಲವಾಗಿ, ಉಳಿದ ಹಿಡಿಕೆಗಳ ಜೊತೆ ತಾನೂ ತೂಗತೊಡಗಿತು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಆಚೆ ನೋಡುತ್ತಲೇ ನಡುವೆ ಇಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಸೆರಗನ್ನು ಒಟ್ಟುಮಾಡಿ, ಪಕ್ಕದವರಿಗೆ ಜಾಗ ಬಿಡುವ ಹಾಗೆ ಒಂದು ಗೇಣು ಸರಿದು ಕೂತಳು. ಎದುರಿನ ಕೋಟು ಈಗ ಕಾಣಲಿಲ್ಲ, ಆ ಸೀಟೂ ನನ್ನ ಕಣ್ಣಿಗೆ ಖಾಲಿಯೇ ಇತ್ತು.

ಇಳಿದ ಮೇಲೆ ಕೇಳಿದೆ, "ಯಾಕಕ್ಕಾ ಸರ್ದೆ?"

ಅಕ್ಕ ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ನನ್ನ ಕೈಗಿಟ್ಟಳು.

"ಅಪ್ಪಾಜಿ ಕಾಲು ಚಾಚ್ಕೋಬೇಕಲ್ಲೋ" ಎಂದಳು.